ಅಕ್ಕನ ಗೋಡೆಯೂ ನನ್ನ ಬೆಳಕಿನ ಲೆಕ್ಕವೂ

ಕಂಪ್ಯೂಟರಿನೊಳಗೆ ಮನೆ ಕಟ್ಟುವವರಿಗೆ ಒಂದು ದೊಡ್ಡ ಸುಖವಿದೆ. ಅಲ್ಲಿ ಯಾರೂ ವಾಸಕ್ಕೆ ಬರುವುದಿಲ್ಲ. ನಂಜನಗೂಡಿನ ಸಣ್ಣದೊಂದು ವಿನ್ಯಾಸ ಕಚೇರಿಯಲ್ಲಿ ನಾನು ಮಾಡುವ ಕೆಲಸ ಅದೇ. ಇನ್ನೂ ಪಾಯವನ್ನೇ ತೋಡದ ಮನೆಯಲ್ಲಿ ಮಧ್ಯಾಹ್ನ ಎಷ್ಟು ಸೆಕೆಯಾಗುತ್ತದೆ, ಬೆಳಗ್ಗೆ ಎಷ್ಟು ಬೆಳಕಿರುತ್ತದೆ ಎಂದು ಮುಂಚಿತವಾಗಿ ಹೇಳುತ್ತೇನೆ. ನಮ್ಮ ಬೀದಿಯವರು ಇದನ್ನು ಜ್ಯೋತಿಷ್ಯದ ಒಂದು ಬಗೆ ಎಂದು ತಿಳಿದಿದ್ದಾರೆ. ಗೌರವ ಹೆಚ್ಚು ಸಿಗುವುದರಿಂದ ನಾನೂ ತಿದ್ದಲು ಹೋಗಿಲ್ಲ. ಈ ಲೆಕ್ಕಕ್ಕೆ ಪ್ರತಿಯೊಂದು ಮೇಲ್ಮೈಯ ಗುಣವನ್ನೂ ಅಂಕಿಯಲ್ಲಿ ಕೊಡಬೇಕು: ತಾರಸಿ ಬಿಸಿಲನ್ನು ಎಷ್ಟು ಹೀರುತ್ತದೆ, ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಕ್ಕೆ ಕೊಡುತ್ತದೆ. ಬಿಳಿ ಗೋಡೆ ಧಾರಾಳಿ, ಕೆಂಪು ಗಾರೆಯ ನೆಲ ಜಿಪುಣ. ಮನುಷ್ಯರ ಗುಣವನ್ನೂ ಹೀಗೆ ಬರೆಯಲು ಬಂದಿದ್ದರೆ ಎಷ್ಟೋ ಮದುವೆಗಳು ತಪ್ಪುತ್ತಿದ್ದವು. ಆ ಮಾತು ಇರಲಿ, ಅಕ್ಕನ ಮನೆಗೆ ಬರುತ್ತೇನೆ.

ಟಿ. ನರಸೀಪುರದಲ್ಲಿರುವ ನನ್ನಕ್ಕ ಬ್ಲೌಸ್ ಹೊಲಿಯುತ್ತಾಳೆ. ಹೊಸ ಮನೆ ಕಟ್ಟಿಸುವಾಗ, ಮುಂದಿನ ಕೋಣೆಯಲ್ಲಿ ಮಷೀನ್ ಇಡುತ್ತೇನೆ, ಪಶ್ಚಿಮಕ್ಕೆ ಇನ್ನೊಂದು ಕಿಟಕಿ ಬೇಕು ಎಂದಳು. ನಾನು ಬೇಡವೇ ಬೇಡ ಎಂದೆ. ಸಂಜೆ ಬಿಸಿಲು ನುಗ್ಗಿ ಕೋಣೆ ಕಾದುಹೋಗುತ್ತದೆ. ಉತ್ತರದ ಕಿಟಕಿಯೊಂದೇ ಸಾಕು, ಬಿಳಿ ಗೋಡೆಗಳು ಬೆಳಕನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ಸೂಜಿಯವರೆಗೂ ತಂದುಕೊಡುತ್ತವೆ ಎಂದು ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣವಾಗಿ ತೋರಿಸಿದೆ. ರಸಗೊಬ್ಬರದ ಅಂಗಡಿ ಇಟ್ಟಿರುವ ಭಾವ, “ಓದಿದೋನು ಏಳ್ತಾವ್ನೆ, ಬುಡು ಅತ್ಲಾಗೆ” ಎಂದು ಅಕ್ಕನಿಗೆ ಸಮಾಧಾನ ಹೇಳಿದರು. ಅಂದು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಗೃಹಪ್ರವೇಶ ಮುಗಿದು ಕೆಲವು ವಾರಗಳ ಮೇಲೆ ಹೋದಾಗ ಅಕ್ಕ ಜಗಲಿಯ ಮೇಲೆ ಕುಳಿತು, ಬೀದಿಯ ದೂಳಿನಲ್ಲಿ ಬ್ಲೌಸಿಗೆ ಹುಕ್ಸ್ ಹಾಕುತ್ತಿದ್ದಳು.

“ಕಪ್ಪು ಬಟ್ಟೆ ಮ್ಯಾಲೆ ಕಪ್ಪು ದಾರ ಒಳಗೆ ಕಾಣಾಕಿಲ್ಲ ಕಣೋ. ಲೈಟ್ ಆಕುದ್ರೆ ನನ್ ನೆಳ್ಳೇ ಬಟ್ಟೆ ಮ್ಯಾಲೆ ಬೀಳ್ತದೆ. ತಲೆನೋವು ಬಂದ್ಬುಟ್ಟದೆ” ಎಂದಳು.

ನನಗೆ ನಿಜಕ್ಕೂ ಕಸಿವಿಸಿಯಾಯಿತು. ಒಳಗೆ ಹೋಗಿ ನೋಡಿದರೆ ನನ್ನ ಬಿಳಿ ಗೋಡೆ ಇರಲಿಲ್ಲ. ಅಂದರೆ ಇತ್ತು, ಹಿಂದೆ ಎಲ್ಲೋ. ನಮ್ಮ ಕಡೆ ಗೃಹಪ್ರವೇಶಕ್ಕೆ ಬರುವವರು ಗಡಿಯಾರವನ್ನೋ ಕಟ್ಟು ಹಾಕಿಸಿದ ಫೋಟೋವನ್ನೋ ತರುತ್ತಾರೆ. ತೆಗೆದುಕೊಂಡರೆ ಸಾಲದು, ತೂಗುಹಾಕಬೇಕು. ಕೊಟ್ಟವರು ಮತ್ತೆ ಬಂದಾಗ ಕಾಫಿಗಿಂತ ಮೊದಲು ಅದನ್ನೇ ಹುಡುಕುತ್ತಾರೆ. ಒಂದಕ್ಕೊಂದು ಹೊಂದದ ಸಮಯ ತೋರಿಸುವ ಕಂದು ಗಡಿಯಾರಗಳು, ಕಪ್ಪು ವೆಲ್ವೆಟ್ಟಿನ ಮೇಲೆ ಹೊಳೆಯುವ ದೇವರು, ರಾತ್ರಿಯಲ್ಲೇ ಧುಮುಕುವ ಜಲಪಾತ. ಗಾಜು ಹಾಕಿದ ಪಟಗಳು ಬೆಳಕನ್ನು ಹಿಂದಕ್ಕೆ ಕೊಡುತ್ತಿದ್ದುದೇನೋ ನಿಜ, ಆದರೆ ನೇರವಾಗಿ ಅಕ್ಕನ ಕಣ್ಣಿಗೆ. ಇಂಥ ಗೋಡೆಗೆ ಎಷ್ಟು ಅಂಕಿ ಎಂದು ಯಾವ ಪಟ್ಟಿಯಲ್ಲೂ ನಾನು ಓದಿರಲಿಲ್ಲ.

“ಎಲ್ಲಾ ಇಳಿಸಿಬಿಡಕ್ಕ” ಎಂದೆ.

“ಆ ಗಡಿಯಾರ ನಿಮ್ ಭಾವನ ಅಣ್ಣಂದು. ಇಳಿಸುದ್ರೆ ಅವ್ರು ಈ ಮನೆ ಮೆಟ್ಲು ತುಳಿಯಾಕಿಲ್ಲ. ಈ ಜಲಪಾತ ನಮ್ಮತ್ತೆ ತೌರ್ನೋರು ತಂದಿದ್ದು. ಯಾವ್ದ ಇಳಿಸ್ಲಿ, ನೀನೇ ಏಳು.”

ನನ್ನ ಬೆಳಕಿನ ಶಾಸ್ತ್ರದ ಪ್ರಕಾರ ನೋಡಿದರೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕಿಟಕಿಯ ಎದುರಿಗೇ, ಬೆಳಕು ಮೊದಲು ಬೀಳುವ ಜಾಗದಲ್ಲಿ, ಎಲ್ಲಕ್ಕಿಂತ ದೊಡ್ಡದೂ ಎಲ್ಲಕ್ಕಿಂತ ಕಪ್ಪಾದುದೂ ಆದ ನಂಜುಂಡೇಶ್ವರನ ಪಟವಿತ್ತು. ಅದರ ಕೆಳಗೆ ಚಿನ್ನದ ಅಕ್ಷರದಲ್ಲಿ ನನ್ನ ಹೆಸರು, ನನ್ನ ಹೆಂಡತಿಯ ಹೆಸರು.

ಅಕ್ಕನೂ ಅಲ್ಲಿಗೇ ನೋಡಿದಳು. “ನಿಂದಾದ್ರೆ ಯಾರೂ ಬೇಜಾರ್ ಮಾಡ್ಕೊಳಾಕಿಲ್ಲ” ಎಂದು ಸ್ಟೂಲು ತಂದಳು.

ನನಗೆ ಬೇಜಾರಾಯಿತು. ಆ ಚೌಕಟ್ಟಿಗಾಗಿ ನಾವು ಮೈಸೂರಿನ ಅಂಗಡಿ ಅಂಗಡಿ ಸುತ್ತಿದ್ದೆವು. “ಅದೊಂದು ಇರಲಿ ಬಿಡಕ್ಕ” ಎಂದೆ.

ಅಕ್ಕ ಅದೇ ಸ್ಟೂಲನ್ನು ಜಗಲಿಗೆ ಎತ್ತಿಕೊಂಡು ಹೋಗಿ, ಅದರ ಮೇಲೆ ಕುಳಿತು ಹುಕ್ಸ್ ಹಾಕತೊಡಗಿದಳು. ಪಟ ಒಂದಿಷ್ಟು ವಾಲಿದಂತೆ ಕಂಡಿತು. ಹೊರಡುವ ಮುನ್ನ ಅದನ್ನು ನೆಟ್ಟಗೆ ಮಾಡಿ ಬಂದೆ.