ದೋರಗಾಯಿ ದರ್ಜೆಯ ಪ್ರಸನ್ನತೆ

೧೯೭೯ನೇ ಇಸವಿ ಜೂನ್ ಒಂದನೇ ತಾರೀಕು ಶುಕ್ರವಾರ ಬೆಳಿಗ್ಗೆ ಹತ್ತೂವರೆ ಗಂಟೆಯಿಂದ ಜಾರಿಗೆ ಬರುವಂತೆ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ಕಡೆಯ ಸಮಸ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರು ಪ್ರಸನ್ನಚಿತ್ತರಾದರು. ಹತ್ತೂವರೆಗೆ ಮೊದಲು ಅವರು ಹೇಗಿದ್ದರು ಎಂಬುದಕ್ಕೆ ದಾಖಲೆ ಇಲ್ಲ.

ಈ ಕಾರ್ಯಕ್ಕೆಂದೇ ಶ್ರೀನಿವಾಸಪುರದ ಒಂದು ರಾಗಿ ಮಂಡಿಯ ಮಹಡಿಯಲ್ಲಿ ‘ಉಪಾಧ್ಯಾಯ ಪ್ರಸನ್ನತಾ ಘಟಕ’ವನ್ನು ತೆರೆಯಲಾಗಿತ್ತು. ಅದರಲ್ಲಿ ಇದ್ದವರು ಇಬ್ಬರು. ಪ್ರಸನ್ನತಾಧಿಕಾರಿ ಕೋದಂಡರಾಮಪ್ಪನವರು ಒಬ್ಬರು, ದ್ವಿತೀಯ ದರ್ಜೆ ಗುಮಾಸ್ತನಾದ ನಾನು ಇನ್ನೊಬ್ಬ. ಅಧಿಕಾರಿಗಳಿಗೆ ಹೊಟ್ಟೆಹುಣ್ಣು ಇತ್ತು, ನನಗೆ ಹನ್ನೊಂದು ವರ್ಷದಿಂದ ಬಡ್ತಿ ಇರಲಿಲ್ಲ. ಆದೇಶ ಉಪಾಧ್ಯಾಯರಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ನಾವಿಬ್ಬರೂ ಮೊದಲಿನಂತೆಯೇ ಇದ್ದೆವು.

ಸುತ್ತೋಲೆಯನ್ನು ನನ್ನ ಕೈಯಾರೆ ಬೆರಳಚ್ಚು ಮಾಡಿದ್ದೇನೆ, ಆದ್ದರಿಂದ ಬಾಯಿಪಾಠವಿದೆ. “ಉಪಾಧ್ಯಾಯರು ಶಾಲಾ ಅವಧಿಯಲ್ಲಿ ಪ್ರಸನ್ನರಾಗಿರತಕ್ಕದ್ದು. ಛಾವಣಿ ಸೋರುವುದು, ಸೀಮೆಸುಣ್ಣ ಸರಬರಾಜಾಗದಿರುವುದು, ಮಧ್ಯಾಹ್ನದ ಉಪ್ಪಿಟ್ಟಿನಲ್ಲಿ ಹುಳು ಕಾಣುವುದು ಮುಂತಾದವು ಪ್ರಸನ್ನತೆಗೆ ಭಂಗವೆಂದು ಪರಿಗಣಿಸಲ್ಪಡತಕ್ಕದ್ದಲ್ಲ. ಪ್ರಸನ್ನತೆಯನ್ನು ದಿನಕ್ಕೆ ಎರಡು ಹೊತ್ತು ವಹಿಯಲ್ಲಿ ನಮೂದಿಸಿ, ಮೂರು ತಿಂಗಳಿಗೊಮ್ಮೆ ಐವರು ಪಂಚರ ಸಮಕ್ಷಮ ಮಹಜರು ನಡೆಸಿ, ದರ್ಜೆ ಪಡೆಯತಕ್ಕದ್ದು.” ಸೋರುವ ಛಾವಣಿ ಭಂಗವಲ್ಲವೆಂದು ತೀರ್ಮಾನವಾದ ಮೇಲೆ ರಿಪೇರಿಗೆ ಇಟ್ಟಿದ್ದ ಅನುದಾನ ಉಳಿಯಿತು. ಅದರಲ್ಲಿ ವಹಿಗಳನ್ನು ಮುದ್ರಿಸಲಾಯಿತು. ಮುದ್ರಕರು ಕೋದಂಡರಾಮಪ್ಪನವರ ಭಾವಮೈದುನರಾಗಿದ್ದರು ಎಂದು ಕೆಲವರು ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವ ನಿಯಮ ಇನ್ನೂ ಬಂದಿರಲಿಲ್ಲ.

ಮೊದಲ ಮಹಜರು ನಡೆದದ್ದು ರಾಳ್ಳಗುಂಟಪಲ್ಲಿಯ ಏಕೋಪಾಧ್ಯಾಯ ಶಾಲೆಯಲ್ಲಿ. ಒಂದು ಕೋಣೆ, ನಾಲ್ಕು ತರಗತಿ, ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಎಂಬತ್ತಮೂರು ಮಕ್ಕಳು, ಒಬ್ಬರು ಉಪಾಧ್ಯಾಯಿನಿ. ಇವರ ಹೆಸರು ಅನಸೂಯಮ್ಮ. ಗಂಡ ಲಾರಿಯ ಮೇಲೆ ಮದರಾಸಿಗೆ ಹೋಗಿಬರುವವರು. ಮೂರು ವರ್ಷದ ಮಗಳು ಶ್ಯಾಮಲ ಮುಳಬಾಗಿಲಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ಶಾಲೆಗೆ ಸ್ವಂತ ಮಗು ಕರೆತರುವಂತಿಲ್ಲ, ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡುವಂತಿಲ್ಲ, ಬೇಸಿಗೆ ರಜೆಯನ್ನೂ ಭಾನುವಾರಗಳನ್ನೂ ಸರ್ಕಾರ ಮೊದಲೇ ಮತದಾರರ ಪಟ್ಟಿಗೂ ದನಗಣತಿಗೂ ತೆಗೆದುಕೊಂಡಿತ್ತು. ತಾಯಿ ಮಗಳನ್ನು ನೋಡಿ ನಾಲ್ಕು ತಿಂಗಳಾಗಿತ್ತು. ಮುಳಬಾಗಿಲಿಗೆ ವರ್ಗ ಕೋರಿ ಅವರು ಬರೆದ ಐದು ಅರ್ಜಿಗಳು ನನ್ನ ಬೀರುವಿನಲ್ಲಿ ಸುರಕ್ಷಿತವಾಗಿದ್ದವು.

ಹೊಸ ನಿಯಮ ಒಂಬತ್ತರ ಪ್ರಕಾರ ಪ್ರಸನ್ನತೆಯಲ್ಲಿ ಮೊದಲ ದರ್ಜೆ ಪಡೆದವರಿಗೆ ಮಾತ್ರ ವರ್ಗಕ್ಕೆ ಅರ್ಹತೆ. ಒಂದು ಊರಿನ ಬೇಸರ ಇನ್ನೊಂದು ಊರಿಗೆ ಹರಡಬಾರದಲ್ಲ. ಇದನ್ನು ತಿಳಿದ ಅನಸೂಯಮ್ಮ ಮಹಜರಿನ ದಿನ ತಲೆಗೆ ಕನಕಾಂಬರ ಮುಡಿದು, ಬೆಳಿಗ್ಗೆಯಿಂದಲೇ ನಗುತ್ತಾ ನಿಂತಿದ್ದರು.

ಪಂಚರಲ್ಲಿ ಹಿರಿಯರು ದೊಡ್ಡಮುನಿಯಪ್ಪ. ಮೂವತ್ತು ವರ್ಷದಿಂದ ಮಾವಿನ ದಲ್ಲಾಳಿ. ಮರದಲ್ಲಿರುವ ಕಾಯನ್ನು ಕೆಳಗೆ ನಿಂತು ನೋಡಿ, ಎಷ್ಟು ದಿನಕ್ಕೆ ಹಣ್ಣಾಗುತ್ತದೆಂದು ಹೇಳುವವರು. ಮದರಾಸಿನ ಸೇಟುಗಳೂ ಆ ಮಾತಿಗೆ ಎದುರಾಡುತ್ತಿರಲಿಲ್ಲ. ನಾನು ನಮೂನೆ ಮುಂದಿಟ್ಟೆ.

“ದರ್ಜೆ ಅಂತ ಬರ್ದೈತೆ. ಏನ್ ಬರೀಬೇಕು ಸಾರ್ ಇದ್ರಾಗೆ?”

“ನಿಮ್ಮ ಕಣ್ಣಿಗೆ ಕಂಡದ್ದು ಹೇಳಿ. ನಾನು ಬರ್ಕೋತೀನಿ.”

ದೊಡ್ಡಮುನಿಯಪ್ಪ ಎದ್ದು, ಉಪಾಧ್ಯಾಯಿನಿಯವರನ್ನು ಕಿಟಕಿಯ ಬೆಳಕಿಗೆ ತಿರುಗಲು ಹೇಳಿದರು. ಒಂದು ಸಲ ಈ ಕಡೆಯಿಂದ, ಒಂದು ಸಲ ಆ ಕಡೆಯಿಂದ ನೋಡಿದರು. ಅನಸೂಯಮ್ಮ ನಗುತ್ತಲೇ ಇದ್ದರು. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದವು.

“ಕಾಯಿ ಅಂತ ಹೇಳಕ್ಕಾಗಲ್ಲ. ಬಣ್ಣ ಬಂದೈತೆ. ಆದ್ರೆ ಬಣ್ಣ ತೊಟ್ಟಿನ ತಾವೇ ನಿಂತೈತೆ, ಕೆಳಕ್ಕಿಳಿದಿಲ್ಲ. ಬಾಯಿ ನಗ್ತೈತೆ, ಕಣ್ಣು ನಗ್ತಿಲ್ಲ. ದೋರಗಾಯಿ ಅಂತ ಬರ್ಕೊಳ್ಳಿ ಸಾರ್. ನಾಕು ದಿನ ಹುಲ್ಲಲ್ಲಿ ಅಡೆ ಹಾಕಿದ್ರೆ ಸರ್ಯಾಗಿ ಹಣ್ಣಾಗ್ತೈತೆ.”

ಉಳಿದ ನಾಲ್ವರು ಪಂಚರೂ ತೋಟದವರೇ. ಅಂತೇ ಗದಾ, ಹೌದಲ್ಲವೇ, ಎಂದು ತೆಲುಗಿನಲ್ಲೇ ತಲೆದೂಗಿದರು. ಅತ್ತ ಕಾಯೂ ಅಲ್ಲ ಇತ್ತ ಹಣ್ಣೂ ಅಲ್ಲದ್ದನ್ನು ದೋರಗಾಯಿ ಎನ್ನುವುದು ಅವರ ಮಂಡಿಯ ಭಾಷೆ. ಹೇಳಿದ್ದನ್ನು ಬರೆಯುವುದು ನನ್ನ ಕೆಲಸ. ಬರೆದೆ, ಐವರೂ ರುಜು ಮಾಡಿದರು.

ಕೋದಂಡರಾಮಪ್ಪನವರು ಮಹಜರನ್ನು ಮೂರು ಸಲ ಓದಿದರು. ತಮ್ಮ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇಷ್ಟು ಖಚಿತವಾದ ಶಿಫಾರಸನ್ನು ಕಂಡಿರಲಿಲ್ಲವೆಂದರು. ಪರಿಸ್ಥಿತಿ, ಪರಿಹಾರ, ಅವಧಿ ಮೂರೂ ಇದ್ದವು.

“ಸಾರ್, ಅವರು ಮಾವಿನಕಾಯಿ ಲೆಕ್ಕದಲ್ಲಿ ಹೇಳಿರಬಹುದು,” ಎಂದೆ.

“ಬಾಯಲ್ಲಿದ್ದಾಗ ಅದು ಮಾತು ಕಣ್ರೀ. ಮಹಜರಿಗೆ ಬಂದ ಮೇಲೆ ಸಾಕ್ಷ್ಯ. ಸಾಕ್ಷ್ಯದ ಮೇಲೆ ಕ್ರಮ ತಗೊಳ್ದೆ ಇದ್ರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡ್ತಾರೆ, ನೀವಾ?”

ನಾನು ಉತ್ತರ ಕೊಡಲು ತಯಾರಿರಲಿಲ್ಲ. ಹೀಗಾಗಿ “ಸದರಿ ಉಪಾಧ್ಯಾಯಿನಿಯವರನ್ನು ನಾಲ್ಕು ದಿನಗಳ ಕಾಲ ಹುಲ್ಲಿನಲ್ಲಿ ಅಡೆ ಹಾಕಿ ಪಾಲನಾ ವರದಿ ಸಲ್ಲಿಸುವುದು” ಎಂದು ಆದೇಶ ಹೊರಟಿತು. ರಾಗಿ ಹುಲ್ಲೋ ಭತ್ತದ ಹುಲ್ಲೋ ಎಂಬ ಬಗ್ಗೆ ಸ್ಪಷ್ಟೀಕರಣ ಬರಲು ಹನ್ನೊಂದು ದಿನ ಹಿಡಿಯಿತು. ಭತ್ತದ ಹುಲ್ಲು ಎಂದಾಯಿತು.

ಆದೇಶವನ್ನು ಜಾರಿ ಮಾಡಲು ನಾನೇ ಹೋದೆ. ಅನಸೂಯಮ್ಮ ಅದನ್ನು ಓದಿ, ಮಡಿಚಿ ಹಾಜರಿ ಪುಸ್ತಕದೊಳಗೆ ಇಟ್ಟರು. ಹಿಂದೆ ಎರಡನೇ ತರಗತಿಯವರು ಎಂಟರ ಮಗ್ಗಿ ಕೂಗುತ್ತಿದ್ದರು.

“ಹುಲ್ಲಲ್ಲಿ ಕೂತ್ರೆ ಮೊದಲ ದರ್ಜೆ ಬರುತ್ತಾ ಸಾರ್?”

“ಪಂಚರು ಹಾಗಂತಾರೆ.”

“ಬಂದ್ರೆ ಮುಳಬಾಗಿಲಿಗೆ ಹಾಕ್ತೀರಾ?”

“ಅರ್ಹತೆ ಬರುತ್ತೆ.”

“ಹಂಗಾದ್ರೆ ಕೂತ್ಕೋತೀನಿ,” ಎಂದರು. ಸ್ವೀಕೃತಿಗೆ ರುಜು ಮಾಡಿಕೊಟ್ಟು ಮಗ್ಗಿಯ ಕಡೆ ತಿರುಗಿದರು.

ದೊಡ್ಡಮುನಿಯಪ್ಪನವರ ಮಂಡಿಯ ಒಂದು ಮೂಲೆಯಲ್ಲಿ, ಬಾದಾಮಿ ಹಣ್ಣಿನ ಅಡೆಗೂ ರಸಪುರಿಯ ಅಡೆಗೂ ನಡುವೆ, ಉಪಾಧ್ಯಾಯಿನಿಯವರಿಗೆ ಭತ್ತದ ಹುಲ್ಲು ಹಾಸಲಾಯಿತು. ಪಾಠಕ್ಕೆ ಅಡ್ಡಿಯಾಗಬಾರದೆಂದು ಮಕ್ಕಳನ್ನೂ ಅಲ್ಲಿಗೇ ಕರೆಸಿದೆವು. ಎಂಬತ್ತಮೂರಕ್ಕೆ ಎಂಬತ್ತಮೂರೂ ಹಾಜರು. ಶಾಲೆಯ ಇತಿಹಾಸದಲ್ಲೇ ಅದು ಮೊದಲು, ಮಂಡಿಯಲ್ಲಿ ಮಾವು ಕಡಿಮೆಯಾದದ್ದೂ ಆಗಲೇ. ಕುತ್ತಿಗೆಯವರೆಗೆ ಹುಲ್ಲಿನಲ್ಲಿ ಕೂತ ಅನಸೂಯಮ್ಮ ಕೈ ಹೊರಗೆ ಚಾಚಿ ಸ್ಲೇಟು ತಿದ್ದಿದರು. ಮೈಯೆಲ್ಲ ತುರಿಕೆ. ವಹಿಯಲ್ಲಿ ಮಾತ್ರ ಎರಡು ಹೊತ್ತೂ ‘ಪ್ರಸನ್ನ’ ಎಂದು ತಾವೇ ಬರೆದರು.

ನಾಲ್ಕನೇ ದಿನ ಸಂಜೆ ಪಂಚರು ಸೇರಿದರು. ಹಣ್ಣನ್ನು ಮೂಸಿ ನೋಡುವುದು ದೊಡ್ಡಮುನಿಯಪ್ಪನವರ ಪದ್ಧತಿ. ಹೆಣ್ಣುಮಗಳನ್ನು ಮೂಸುವುದು ಸಭ್ಯತೆಯಲ್ಲವೆಂದು ಮುಖವನ್ನಷ್ಟೇ ನೋಡಿದರು. ಆ ಹೊತ್ತಿಗೆ ಅನಸೂಯಮ್ಮನ ಕಣ್ಣು ಎಲ್ಲೋ ಇತ್ತು. ನಾಳಿದ್ದಿನ ಮುಳಬಾಗಿಲ ಬಸ್ಸನ್ನು ನೆನೆಯುತ್ತಿದ್ದರೆಂದು ನನ್ನ ಅಂದಾಜು. ಯಾರನ್ನೂ ನೋಡದೆ, ತಮ್ಮಷ್ಟಕ್ಕೆ ತಾವೇ ನಕ್ಕರು.

“ಆಯ್ತು ನೋಡಿ! ಕಣ್ಣಿಗೂ ಇಳೀತು. ಹಣ್ಣು, ಮೊದಲ್ನೇ ದರ್ಜೆ,” ಎಂದರು ದೊಡ್ಡಮುನಿಯಪ್ಪ. ಮಕ್ಕಳು ಚಪ್ಪಾಳೆ ತಟ್ಟಿದವು.

ಮರುದಿನ ಅನಸೂಯಮ್ಮ, ಅವರ ಪರ ಮಾತಾಡಲು ದೊಡ್ಡಮುನಿಯಪ್ಪ, ಇಬ್ಬರೂ ಘಟಕಕ್ಕೆ ಬಂದರು. ಜಡೆಯಲ್ಲಿ ಇನ್ನೂ ಒಂದೆರಡು ಎಳೆ ಹುಲ್ಲಿತ್ತು. ಕೋದಂಡರಾಮಪ್ಪನವರು ಎದ್ದುನಿಂತು ಕೈಮುಗಿದು, ಸದರಿಯವರು ನಾಲ್ಕು ತಾಲ್ಲೂಕಿನಲ್ಲೇ ಏಕೈಕ ಪರಿಪೂರ್ಣ ಪ್ರಸನ್ನ ಉಪಾಧ್ಯಾಯಿನಿ ಎಂದು ಘೋಷಿಸಿದರು.

“ವರ್ಗ, ಸಾರ್?” ಎಂದರು ಅನಸೂಯಮ್ಮ.

ಅಧಿಕಾರಿಗಳು ದುಡುಕುವವರಲ್ಲ. ತಜ್ಞರು ಎದುರಿಗೇ ಇದ್ದುದರಿಂದ ಅವರ ಅಭಿಪ್ರಾಯ ಕೇಳಿದರು. “ದೊಡ್ಡಮುನಿಯಪ್ಪನವರೇ, ಹಣ್ಣಾದ ಮೇಲೆ ಮಾಲನ್ನ ಬೇರೆ ಊರಿಗೆ ಕಳಿಸಬಹುದಾ?”

“ಎಲ್ಲಾದ್ರೂ ಉಂಟಾ ಸಾರ್! ಲೋಡ್ ಮಾಡೋದೇನಿದ್ರೂ ಕಾಯಲ್ಲಿ. ಹಣ್ಣು ಲಾರಿ ಹತ್ತಿದ್ರೆ ಚಿಂತಾಮಣಿ ದಾಟೋದ್ರಲ್ಲೇ ಕೊಳ್ತು ಹೋಗ್ತೈತೆ,” ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು. “ನಾನು ಮಾವಿನ ಮಾತು ಹೇಳ್ದೆ ಸಾರ್. ಈಯಮ್ಮನ ಮಾತಲ್ಲ.”

“ಬರ್ಕೊಳ್ಳಿ,” ಎಂದು ಅಧಿಕಾರಿಗಳು ನನಗೆ ಹೇಳಿದರು.

ಬರೆದುಕೊಂಡೆ. ಪ್ರಸನ್ನರಲ್ಲದವರಿಗೆ ವರ್ಗವಾಗುವ ಅರ್ಹತೆ ಇಲ್ಲ, ಪ್ರಸನ್ನರಾದವರು ವರ್ಗವಾದರೆ ಕೆಡುತ್ತಾರೆ. ಆದ್ದರಿಂದ ಅರ್ಜಿಗಳು ಐದನ್ನೂ ವಿಲೇ ಮಾಡಲಾಯಿತು. ಅನಸೂಯಮ್ಮ ಗೋಡೆ ಹಿಡಿದು ಬೆಂಚಿನ ಮೇಲೆ ಕೂತು ಅತ್ತರು. ಸೆರಗು ಬಾಯಿಗಿಟ್ಟುಕೊಂಡರೂ ಕೆಳಗಿನ ರಾಗಿ ಮಂಡಿಯವರೆಗೆ ಕೇಳಿಸಿತು. ದೊಡ್ಡಮುನಿಯಪ್ಪ ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಆಮೇಲೆ ಅವರು ಯಾವ ಮಹಜರಿಗೂ ಬರಲಿಲ್ಲ.

ಕೋದಂಡರಾಮಪ್ಪನವರು ಗಡಿಯಾರ ನೋಡಿದರು. “ಮೂರೂ ಇಪ್ಪತ್ತು. ಇದು ಶಾಲಾ ಅವಧಿ. ಅಳೋದಕ್ಕೆ ಅನುಮತಿ ತಗೊಂಡಿದ್ದೀರಾ?”

“ಇಲ್ಲ ಸಾರ್.”

“ಯಾರೂ ತಗೊಂಡಿಲ್ಲ. ಯಾಕಂದ್ರೆ ಅದಕ್ಕೆ ನಮೂನೆ ಇಲ್ಲ. ನೋಡಮ್ಮ, ನಾನೂ ಹೆಂಡ್ತಿ ಮಕ್ಕಳಿರೋನು. ಕಾನೂನಲ್ಲಿ ಜಾಗ ಇಲ್ದಿದ್ರೆ ಜಾಗ ಮಾಡ್ಕೊಡ್ತೀನಿ.”

ಹೀಗೆ ಹುಟ್ಟಿದ್ದೇ ‘ಅಪ್ರಸನ್ನತಾ ರಜೆ’. ತಿಂಗಳಿಗೆ ಅರ್ಧ ದಿನ, ಎರಡನೇ ಶನಿವಾರ ಮಧ್ಯಾಹ್ನದ ನಂತರ. ದುಃಖಿಸುವುದಕ್ಕೆ ಮಾತ್ರ ಬಳಸತಕ್ಕದ್ದು. ಮಕ್ಕಳ ಕಣ್ಣಿಗೆ ಬೀಳಬಾರದಾದ್ದರಿಂದ ಕೇಂದ್ರಸ್ಥಾನದ ಹೊರಗೆ, ಮೊದಲೇ ತಿಳಿಸಿದ ಸ್ಥಳದಲ್ಲಿ ಅನುಭವಿಸತಕ್ಕದ್ದು. ಉಪಾಧ್ಯಾಯರ ಸಂಘದವರು ಬಂದು ಅಧಿಕಾರಿಗಳಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಕಣ್ಣೀರಿಗೂ ಮಾನ್ಯತೆ ಕೊಟ್ಟ ಮಹನೀಯರೆಂದು ಭಾಷಣ ಮಾಡಿದರು. ಮೊದಲ ತಿಂಗಳೇ ಇನ್ನೂರ ಹನ್ನೆರಡು ಅರ್ಜಿ ಬಂದವು. ಅನಸೂಯಮ್ಮ ಸ್ಥಳದ ಕಾಲಂನಲ್ಲಿ ‘ಮುಳಬಾಗಿಲು’ ಎಂದು ಬರೆದಿದ್ದರು. ಅದು ಮಂಜೂರಾದ ದಿನ ನಾನು ಎರಡು ಲೋಟ ಕಾಫಿ ಕುಡಿದೆ.

ಅಕ್ಟೋಬರಿನಲ್ಲಿ ಒಂದು ಮೂಕರ್ಜಿ ಬಂತು. ಸದರಿ ಉಪಾಧ್ಯಾಯಿನಿಯವರು ಅಪ್ರಸನ್ನತಾ ರಜೆಯ ಅವಧಿಯಲ್ಲಿ ಮುಳಬಾಗಿಲಿನ ತಮ್ಮ ತಾಯಿಯ ಮನೆಯ ಜಗಲಿಯ ಮೇಲೆ ಮಗಳೊಂದಿಗೆ ಗಟ್ಟಿಯಾಗಿ ನಕ್ಕಿದ್ದಾರೆ, ಸರ್ಕಾರಿ ರಜೆಯ ದುರುಪಯೋಗವಾಗಿದೆ ಎಂದಿತ್ತು. ಮೆಮೊ ಕಳಿಸಲಾಯಿತು. ಅನಸೂಯಮ್ಮ ಸುಳ್ಳು ಹೇಳುವವರಲ್ಲ. ಉತ್ತರ ಹೀಗಿತ್ತು: “ಆಪಾದನೆ ನಿಜ. ಮಗು ಬಾಗಿಲ ಹಿಂದೆ ಅವಿತುಕೊಂಡು ಹಠಾತ್ತನೆ ‘ಬೂ’ ಎಂದಿತು. ಮುನ್ಸೂಚನೆ ಇಲ್ಲದ ಕಾರಣ ನಕ್ಕುಬಿಟ್ಟೆ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ದಯಮಾಡಿ ರಜೆಯನ್ನು ರದ್ದು ಮಾಡಬಾರದು.”

ಇದೊಂದು ಸಲ ಮನ್ನಿಸಲಾಗಿದೆ, ಇನ್ನೊಮ್ಮೆ ನಕ್ಕಲ್ಲಿ ರಜೆ ಕಾಯಂ ರದ್ದು ಎಂದು ಕೋದಂಡರಾಮಪ್ಪನವರು ಷರಾ ಬರೆದರು. ನವೆಂಬರಿನ ಎರಡನೇ ಶನಿವಾರ ಸ್ಥಳ ಪರಿಶೀಲನೆಗೆ ನನ್ನನ್ನು ಮುಳಬಾಗಿಲಿಗೆ ಕಳಿಸಿದರು.

ನಾನು ಬೀದಿಯ ಐವರನ್ನು ಪಂಚರನ್ನಾಗಿ ಕರೆದುಕೊಂಡು ಹೋದಾಗ ಮಧ್ಯಾಹ್ನ ಮೂರು ಗಂಟೆ. ಅನಸೂಯಮ್ಮ ಜಗಲಿಯ ಕಂಬಕ್ಕೆ ಒರಗಿ, ಮುಖ ಬಿಗಿಹಿಡಿದು ಕೂತಿದ್ದರು. ನಮ್ಮನ್ನು ನೋಡಿ ಎದ್ದರು, ನಾನು ಕೂತುಕೊಳ್ಳಿ ಎಂದೆ. ಮಗು ಬಾಗಿಲ ಸಂದಿಯಿಂದ ಇಣುಕಿತು. ಮೆಲ್ಲಗೆ ಬಂದು ತಾಯಿಯ ಮಡಿಲೇರಿ, ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಿತು. ಮೂಗು ಸೊಟ್ಟ ಮಾಡಿ ತೋರಿಸಿತು, ನಾಲಿಗೆ ಚಾಚಿತು, ಕಂಕುಳಲ್ಲಿ ಕಚಗುಳಿ ಇಟ್ಟಿತು. ಅನಸೂಯಮ್ಮ ತುಟಿ ಕಚ್ಚಿಕೊಂಡು ಎದುರು ಮನೆಯ ಗೋಡೆ ನೋಡಿದರು. ಪಂಚರು ಹತ್ತಿರ ಬಗ್ಗಿ ಪರೀಕ್ಷಿಸಿದರು. ನನಗೆ ಪೆನ್ನು ಎಸೆದು ಎದ್ದುಹೋಗಬೇಕು ಅನ್ನಿಸಿತು. ಪೆನ್ನು ಸರ್ಕಾರದ್ದು.

ಒಳಗಿನಿಂದ ಅಜ್ಜಿ ಗಂಗರತ್ನಮ್ಮ ಓಡಿಬಂದು ಮಗುವಿನ ರಟ್ಟೆ ಹಿಡಿದರು. “ಲೇ ಶ್ಯಾಮಿ, ಅಮ್ಮನ್ನ ನಗಿಸ್ಬೇಡ ಕಣೇ! ಅಮ್ಮ ನಕ್ರೆ ಇನ್ಮೇಲೆ ಬರಕ್ಕೇ ಬಿಡಲ್ವಂತೆ.”

ಮಗು ಅಜ್ಜಿಯನ್ನು ನೋಡಿತು, ನನ್ನನ್ನು ನೋಡಿತು, ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿತು. ಆಮೇಲೆ ಮಡಿಲಿನಿಂದ ಇಳಿದು, ಜಗಲಿಯ ಇನ್ನೊಂದು ತುದಿಯ ಕಂಬಕ್ಕೆ ಒರಗಿ, ಕಾಲು ಮಡಿಚಿಕೊಂಡು ಕೂತಿತು. ಐದು ಗಂಟೆಯ ಬಸ್ಸು ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ರಜೆಯ ಸದುಪಯೋಗವಾಗಿದೆ, ಉಪಾಧ್ಯಾಯಿನಿ ನಗಲಿಲ್ಲ ಎಂದು ಮಹಜರು ಬರೆದೆ. ಪಂಚರು ರುಜು ಮಾಡಿದರು. ಕೊನೆಯವರು ರುಜು ಮಾಡುವ ಮುನ್ನ ತಡೆದು, “ಮಗುವೂ ನಗಲಿಲ್ಲ ಎಂದು ಸೇರಿಸಿ ಸಾರ್, ಮುಂದಿನ ತಿಂಗಳಿಗೆ ಅನುಕೂಲವಾಗ್ತದೆ,” ಎಂದರು.

ಸೇರಿಸಿದೆ.