ಸಿಕ್ಕಿಕೊಂಡಿದ್ದೇನೆ, ಸಹಾಯ ಮಾಡಿ

ಲಿಫ್ಟಣ್ಣನ ಬಾಳಿಗೆ ಮಂಕು ಕವಿದದ್ದು ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತನಾದ ದಿನವೇ. ಊರಿನ ಯಾವ ಲಿಫ್ಟಿನಲ್ಲಿ ಯಾರೇ ಸಿಕ್ಕಿಬಿದ್ದರೂ ಸಲಕರಣೆ ಪೆಟ್ಟಿಗೆ ಹಿಡಿದು ಓಡುತ್ತಿದ್ದ ಆ ಆಪದ್ಬಾಂಧವ ಈಗ ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಗಡ್ಡ ಬೋಳಿಸುವುದನ್ನೂ ಬಿಟ್ಟಿದ್ದ. (ನೋಡುವವರು ಯಾರು, ಹೆಂಡತಿಯೇ ತಾನೆ ಎಂಬುದು ಅವನ ವಾದ.) ಫೋನು ಪಕ್ಕದಲ್ಲೇ ತೆಪ್ಪಗೆ ಬಿದ್ದಿರುತ್ತಿತ್ತು.

ಹೀಗಿರಲು ಮಗಳು ನೆಲ ಗುಡಿಸುವ ರೋಬೋ ಒಂದನ್ನು ತಂದುಕೊಟ್ಟು ಹೋದಳು. ಗಾತ್ರ ಊಟದ ತಟ್ಟೆಯಷ್ಟು, ಮಾತು ಮಾತ್ರ ಮಹಾಪಂಡಿತರದ್ದು. ಮೊದಲ ದಿನವೇ ಸೋಫಾದಡಿ ನಿಂತು, "ನಾನು ಸಿಕ್ಕಿಕೊಂಡಿದ್ದೇನೆ. ದಯವಿಟ್ಟು ಸಹಾಯ ಮಾಡಿ" ಎಂದು ಕೂಗಿತು.

ಲಿಫ್ಟಣ್ಣ ಮಂಚದಿಂದ ಜಿಗಿದ. "ಗಾಬರಿ ಆಗ್ಬೇಡಿ, ಬಂದೆ!" (ಹಳೆಯ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು.) ಹೊರಗೆಳೆದು ನೋಡಿದರೆ ಬ್ರಷ್‌ಗೆ ಉಣ್ಣೆಯ ದಾರ ಸುತ್ತಿಕೊಂಡಿತ್ತು.

ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ.

"ದಾರ ಬರೀ ನೆಪ ಕಣೇ, ರೋಗದ ಮೂಲ ಬೇರೆ ಇದೆ" ಎಂದು ಲಿಫ್ಟಣ್ಣ ಚಕ್ರ ಬಿಚ್ಚಿದ, ಸೋಫಾದ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದ. ಈ ಗಡಿಬಿಡಿಯಲ್ಲಿ ಗಡ್ಡವನ್ನೂ ಬೋಳಿಸಿಕೊಂಡ. ಏನು ಮಾಡಿದರೂ ಕೂಗು ನಿಲ್ಲಲಿಲ್ಲ. ಕೊನೆಗೆ ಬಾಗಿಲ ಸಂದಿಯಲ್ಲಿ ಹೊಂಚುಹಾಕಿ ನಿಂತ. ಹೆಂಡತಿ ಹೆಣಿಗೆಯ ಬುಟ್ಟಿಯಿಂದ ದಾರ ಕತ್ತರಿಸಿ, ಸೋಫಾದಡಿ ಎಸೆದು, ಏನೂ ಅರಿಯದವಳ ಹಾಗೆ ಅಡುಗೆಮನೆಯ ಕಡೆ ಹೊರಟಳು.

"ಏನೇ ಇದು! ನನ್ನ ಹೊಟ್ಟೆ ಉರಿಸೋಕೆ ನಿಂಗೆ ಬೇರೆ ದಾರಿ ಸಿಗ್ಲಿಲ್ವಾ?"

"ಮತ್ತೇನ್ರೀ ಮಾಡ್ಲಿ? ನಾನು ಊಟಕ್ಕೆ ಕರೆದ್ರೆ ಏಳಲ್ಲ, ಅತ್ರೂ ಏಳಲ್ಲ. ಅದು ಒಂದ್ಸಲ ಕರೆದ್ರೆ ಓಡಿ ಬರ್ತೀರಿ."

ಲಿಫ್ಟಣ್ಣ ಗುಡುಗಿದ: "ಇನ್ಮೇಲೆ ಈ ನಾಟಕ ಎಲ್ಲ ಬೇಡ!" ಅವಳು ಬುಟ್ಟಿಯನ್ನು ಬೀರುವಿನಲ್ಲಿಟ್ಟಳು.

ಮರುದಿನ ರೋಬೋ ಎಲ್ಲೂ ನಿಲ್ಲದೆ, ಯಾರನ್ನೂ ಕರೆಯದೆ, ಮನೆಯೆಲ್ಲ ಗುಡಿಸಿ ತನ್ನ ಮೂಲೆ ಸೇರಿತು. ಲಿಫ್ಟಣ್ಣ ಸ್ಕ್ರೂಡ್ರೈವರ್ ಹಿಡಿದು ಕಾದೇ ಕಾದ. ಕಸವಿಲ್ಲದ ನೆಲ ನೋಡಿ ಅವನಿಗೆ ಅಳುವೇ ಬಂತು.

ದಾರ ಕೇಳೋಣವೆಂದರೆ ಮಾನದ ಪ್ರಶ್ನೆ. ಮಾರನೆಯ ದಿನ ಹೆಂಡತಿ ಅತ್ತ ತಿರುಗಿದ್ದಾಗ ತನ್ನದೇ ಕಾಲುಚೀಲವನ್ನು ಸೋಫಾದಡಿ ತಳ್ಳಿ, ಮಂಚದ ಮೇಲೆ ಕಿವಿ ನೆಟ್ಟಗೆ ಮಾಡಿಕೊಂಡು ಕೂತ. ರೋಬೋ ಬಂತು. ಕಾಲುಚೀಲದ ಮುಂದೆ ಒಂದು ಗಳಿಗೆ ನಿಂತು, ಅದನ್ನು ಸುತ್ತುಹಾಕಿಕೊಂಡು ಹೊರಟುಹೋಯಿತು.

ಅಡುಗೆಮನೆಯಿಂದ ದನಿ ಬಂತು: "ಕಾಲುಚೀಲಕ್ಕೆಲ್ಲ ಅದು ಸಿಕ್ಕಿಕೊಳ್ಳಲ್ಲ ರೀ, ನಾನೂ ಹಾಕಿ ನೋಡಿದ್ದೆ. ದಾರ ಬೀರುನಲ್ಲಿದೆ, ಸ್ವಲ್ಪ ಉದ್ದಕ್ಕೇ ಕತ್ತರಿಸಿ."