ಬೆಳ್ಳಿ ಭರಣಿಯ ಬಿಳಿ ಪುಡಿ

ಕೆಲವರ ಮನೆಗೆ ವಿಚಿತ್ರಗಳು ತಾವಾಗಿ ಬರುತ್ತವೆ. ನಮ್ಮ ಮನೆಯಲ್ಲಿ ನಾವೇ ಕರೆದು ಮಣೆ ಹಾಕುತ್ತೇವೆ. ಬರೆದು ರೂಢಿಯಿಲ್ಲದವಳು ನಾನು. ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ, ಆಮೇಲೆ ಅರ್ಥವಾಗಲಿಲ್ಲ ಎಂದು ಯಾರೂ ಬೇಸರಿಸಬಾರದು.

ಎರಡು ಸಾವಿರದ ಇಸವಿಯ ಆಸುಪಾಸು. ಯಾವಾಗಲೂ ಕಾರ್ಖಾನೆಗಳ ವಾಸನೆ ಹೊಡೆಯುವ ಚೆನ್ನೈನ ಮಣಲಿಯಲ್ಲಿ ಮಹಡಿ ಮೇಲೆ ಬಾಡಿಗೆಗಿದ್ದೆವು: ನಾನು, ಯಜಮಾನರು, ನನ್ನ ಅತ್ತೆ. ಯಜಮಾನರು ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಅಂದರೆ ಔಷಧಿ ಮಾರುವವರಲ್ಲ, ಪ್ರಯೋಗಶಾಲೆಯಲ್ಲಿ ಎಣ್ಣೆ ಪರೀಕ್ಷಿಸುವವರು. ಅತ್ತೆಗೆ ಹೃದಯದ ತೊಂದರೆಯಿತ್ತು. ರಕ್ತ ಹೆಪ್ಪುಗಟ್ಟದಿರಲೆಂದು ಡಾಕ್ಟರು ದಿನಾ ಒಂದು ಮಾತ್ರೆ ಕೊಟ್ಟಿದ್ದರು. ಅದು ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

೧. ತೊಗಲಿನ ಗುಳಿಗೆ

ಕೆಳಗಿನ ಮನೆಯಲ್ಲಿದ್ದವರು ನಮ್ಮ ಮನೆ ಮಾಲೀಕರ ಹೆಂಡತಿ, ತಮಿಳು ಮಾಮಿ. ಅವರಿಗೂ ಮಂಡಿ ನೋವು, ಅತ್ತೆಗೂ ಮಂಡಿ ನೋವು. ಸ್ನೇಹಕ್ಕೆ ಇನ್ನೇನು ಬೇಕು? ಒಂದು ದಿನ ಮಾಮಿ, ತಂಗಿ ಸಿಂಗಪುರದಿಂದ ತಂದ ಕ್ಯಾಪ್ಸೂಲಿನ ಡಬ್ಬಿಯೊಂದನ್ನು ಹಿಡಿದು ಮೇಲೆ ಬಂದರು.

“ಇದು ಮರುಂದೇ ಇಲ್ಲೆ ಮಾಮಿ, ಸತ್ತು!” ಅಂದರು. ಅಂದರೆ ಇದು ಔಷಧಿಯೇ ಅಲ್ಲ, ಬರೀ ಸತ್ವ. “ಚೀಟಿ ಬೇಡ, ಡಾಕ್ಟರ್ ಬೇಡ. ಅಲ್ಲಿ ಅಂಗಡಿಯಲ್ಲಿ ಬಿಸ್ಕತ್ತಿನ ಪಕ್ಕದಲ್ಲೇ ಇಟ್ಟಿರ್ತಾರೆ.”

ಅತ್ತೆ ಒಂದು ಕ್ಯಾಪ್ಸೂಲನ್ನು ಎರಡು ಬೆರಳಲ್ಲಿ ಹಿಡಿದು ಅದುಮಿದರು. “ಇದರ ಸಿಪ್ಪೆ ಪ್ರಾಣಿ ತೊಗಲಿಂದು ಅಂತಾರೆ. ಮಡಿ ಹೆಂಗಸು ನಾನು, ಇದನ್ನ ನುಂಗಲಾ?”

“ನಾನು ನುಂಗುತ್ತಿಲ್ಲವೇ?”

“ಏಕಾದಶಿ ದಿನ ಇಡ್ಲಿ ತಿನ್ನೋರು ನೀವು. ನಿಮ್ಮ ವಿಷಯ ಬೇರೆ.”

ಮಾಮಿ ಡಬ್ಬಿಯನ್ನು ಅಲ್ಲೇ ಬಿಟ್ಟು ದಡದಡ ಇಳಿದುಹೋದರು. ಮರುದಿನ ಆ ಡಬ್ಬಿ ಮಾಮಿಯ ಕಿಟಕಿಯಲ್ಲಿ ಕುಳಿತಿತ್ತು. ಅತ್ತೆ ಹಿಂದಿರುಗಿಸಿದರು ಎಂದು ನಾನು ಅದನ್ನು ಮರೆತೇಬಿಟ್ಟೆ.

೨. ಐದು ಬೆರಳು

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆಯ ರಟ್ಟೆಯ ಮೇಲೆ ನೀಲಿ ಗುರುತುಗಳು ಕಂಡವು. ಸಾಲಾಗಿ ನಾಲ್ಕು, ಆಚೆ ಬದಿಗೆ ಒಂದು. ಯಾರೋ ಹಿಂದಿನಿಂದ ಗಟ್ಟಿಯಾಗಿ ಹಿಡಿದು ಬಿಟ್ಟ ಹಾಗೆ. ನಾನು ಮುಟ್ಟಿ ಕೇಳಿದೆ, “ನೋವಿದೆಯಾ ಅತ್ತೆ?”

“ಇಲ್ಲ ಕಣೇ. ಯಾರೂ ಹಿಡಿದಿಲ್ಲ, ಎಲ್ಲೂ ಬಿದ್ದಿಲ್ಲ.”

ನೋವಿಲ್ಲದ ಗುರುತು ನೋವಿರುವ ಗುರುತಿಗಿಂತ ಹೆಚ್ಚು ಹೆದರಿಸುತ್ತದೆ. ಮಾರನೆಯ ದಿನ ಇನ್ನೊಂದು ತೋಳಿನ ಮೇಲೂ ಬಂತು. ಮಾಮಿಯನ್ನು ಕರೆದು ತೋರಿಸಿದೆ. ಅವರ ಮುಖ ಬಿಳುಚಿತು.

“ಮೊದಲು ಈ ಮಹಡಿಯಲ್ಲಿದ್ದ ಪಾಟಿ ಹೀಗೆಯೇ ಕೈ ಹಿಡಿಯುತ್ತಿದ್ದರು. ಹಿಡಿದರೆ ಬಿಡುತ್ತಲೇ ಇರಲಿಲ್ಲ” ಎಂದರು. ಪಾಟಿ ಎಂದರೆ ಅಜ್ಜಿ.

“ಈಗ ಅವರೆಲ್ಲಿದ್ದಾರೆ?” ಎಂದೆ.

ಮಾಮಿ ಮೆಲ್ಲಗೆ ಬೆರಳೆತ್ತಿ ಆಕಾಶ ತೋರಿಸಿದರು. ಆಮೇಲೆ ನಾವು ಬಾಡಿಗೆಯವರು ಎನ್ನುವುದು ನೆನಪಾಗಿ ಬೆರಳನ್ನು ಹಾಗೇ ಕೆಳಗಿಳಿಸಿ, “ಅಂದರೆ... ತಾಂಬರಂ ಕಡೆ” ಎಂದರು. ತಾಂಬರಂ ಎಂದರೆ ಚೆನ್ನೈನ ಇನ್ನೊಂದು ತುದಿ.

೩. ಕೆಂಪು ಚುಕ್ಕಿ

ಅತ್ತೆ ಹೊಸ್ತಿಲಿಗೆ ಇಡುವುದು ಬಿಳಿ ರಂಗೋಲಿ ಮಾತ್ರ. ಒಂದು ಬೆಳಿಗ್ಗೆ ನಾನು ಹಾಲಿಗೆಂದು ಬಾಗಿಲು ತೆರೆದಾಗ ಆ ಬಿಳಿ ಗೆರೆಗಳ ನಡುವೆ ಕೆಂಪು ಚುಕ್ಕಿಗಳಿದ್ದವು. ಕುಂಕುಮ ಎಂದುಕೊಂಡು ಬೆರಳಿಟ್ಟೆ. ಒದ್ದೆಯಾಗಿತ್ತು. ತಿರುಗಿ ನೋಡಿದರೆ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾರೆ, ಮೂಗಿನಿಂದ ಸಣ್ಣ ಗೆರೆಯಾಗಿ ರಕ್ತ. ಅವರಿಗೇ ಅದು ಗೊತ್ತಿಲ್ಲ!

ಪಾಟಿಯನ್ನು ತಾಂಬರಂಗೇ ಬಿಟ್ಟು ಆಸ್ಪತ್ರೆಗೆ ಓಡಿದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನಮ್ಮನ್ನು ಪಕ್ಕಕ್ಕೆ ಕರೆದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ. “ರಕ್ತ ತೀರಾ ತೆಳುವಾಗಿದೆ. ಹೀಗೇ ಆದರೆ ತಲೆಯೊಳಗೆ ಸೋರಿ ಪ್ರಾಣಕ್ಕೇ ಬರಬಹುದು. ಮಾತ್ರೆ ಅದೇ, ಪ್ರಮಾಣ ಅದೇ. ಏಕೆ ಹೀಗಾಯಿತು?” ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ಮನೆಯಲ್ಲಿರುವ ಔಷಧಿಯನ್ನೆಲ್ಲ ತರಲು ಹೇಳಿದರು. ಫ್ರಿಜ್ಜಿನ ಮೇಲಿನ ಔಷಧಿ ಡಬ್ಬವನ್ನು ಹಾಗೇ ಎತ್ತಿಕೊಂಡು ಹೋದೆ. ಅದರಲ್ಲಿ ಏನೂ ಸಿಗಲಿಲ್ಲ.

“ಇವನ್ನು ಬಿಟ್ಟು ಬೇರೆ ಏನಾದರೂ ತಗೋತೀರಾಮ್ಮಾ?”

“ದೇವರ ತೀರ್ಥ ಬಿಟ್ಟರೆ ಇನ್ನೇನೂ ಇಲ್ಲ” ಎಂದರು ಅತ್ತೆ.

ಡಾಕ್ಟರು ಕೈಮುಗಿದರು. “ಒಳ್ಳೆಯದು. ಅದನ್ನು ಮಾತ್ರ ನಿಲ್ಲಿಸಬೇಡಿ.”

೪. ಭಕ್ತ ಬೆಕ್ಕು

ಅದೇ ದಿನಗಳಲ್ಲಿ ನಮ್ಮ ಮನೆಗೊಂದು ಕಪ್ಪು ಬೆಕ್ಕು ಬರತೊಡಗಿತು. ಹಾಲಿನ ಪಾತ್ರೆ ತೆರೆದಿದ್ದರೂ ಮೂಸುತ್ತಿರಲಿಲ್ಲ. ನೇರವಾಗಿ ದೇವರ ಮನೆಯ ಬಾಗಿಲಿಗೆ ಹೋಗಿ, ಮುಂಗಾಲು ಜೋಡಿಸಿ, ಅತ್ತೆಯ ಪೂಜೆ ಮುಗಿಯುವವರೆಗೂ ಕಣ್ಣು ಮಿಟುಕಿಸದೆ ಕೂರುತ್ತಿತ್ತು. ಪೂಜೆ ಮುಗಿದ ಮೇಲೆ ಅತ್ತೆ ಎಲ್ಲಿ ಹೋದರೂ ಹಿಂದೆಯೇ. ಮಾಮಿ ಅದನ್ನು ಕಂಡು “ಪಾಟಿಯ ಕಣ್ಣು ಕೂಡ ಹಸಿರೇ” ಎಂದುಬಿಟ್ಟರು. ಅಂದಿನಿಂದ ನಾನು ಆ ಬೆಕ್ಕನ್ನು ಬಹುವಚನದಲ್ಲಿ ಮಾತಾಡಿಸತೊಡಗಿದೆ.

ಒಂದು ಬೆಳಿಗ್ಗೆ ಯಜಮಾನರು ಕಾರ್ಖಾನೆ ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ದೇವರ ಮುಂದಿದ್ದ ಬೆಳ್ಳಿ ಭರಣಿಗೆ ಬೆರಳದ್ದಿ, ಹಣೆಗೆ ಮೂರು ಗೆರೆ ಎಳೆದುಕೊಂಡು ಹೊರಟರು. ಬೆಕ್ಕು ಅತ್ತೆಯನ್ನು ಬಿಟ್ಟು ಅವರ ಹಿಂದೆ ಹೊರಟಿತು! ಬಸ್ ಸ್ಟಾಪಿನಲ್ಲೂ ಅವರ ಹಣೆಯನ್ನೇ ದಿಟ್ಟಿಸುತ್ತ ಕುಳಿತಿತ್ತಂತೆ. ಬಸ್ಸಿನಲ್ಲಿ ಪಕ್ಕ ಕುಳಿತ ಸಹೋದ್ಯೋಗಿ, ತೂತ್ತುಕುಡಿಯ ಕಡಲತೀರದವರು, ಎರಡು ಸಲ ಮೂಗೆಳೆದು ಕೇಳಿದರಂತೆ: “ಏನ್ ಸಾರ್, ನಿಮ್ಮ ಊರಲ್ಲಿ ವಿಭೂತಿಯನ್ನ ಕರುವಾಡಿನಲ್ಲಿ ಮಾಡ್ತಾರಾ?”

ಕರುವಾಡು ಎಂದರೆ ಒಣಮೀನು.

೫. ಡಬ್ಬಿಯ ಬರಹ

ಯಜಮಾನರು ಮುಂದಿನ ಸ್ಟಾಪಿನಲ್ಲೇ ಇಳಿದು ಮನೆಗೆ ಓಡಿಬಂದರು. “ಅಮ್ಮಾ, ಭರಣಿಯಲ್ಲಿ ಏನಿಟ್ಟಿದ್ದೀಯ?”

“ಮಾಮಿ ಕೊಟ್ಟ ಮಂಡಿ ಪುಡಿ ಕಣೋ. ತೊಗಲು ಬಿಚ್ಚಿ ಎಸೆದೆ, ಒಳಗಿನ ಪುಡಿ ಮಡಿಯಾಗಿ ಎತ್ತಿಟ್ಟೆ, ಖಾಲಿ ಡಬ್ಬಿ ವಾಪಸು ಕೊಟ್ಟೆ. ದಿನಾ ತೀರ್ಥಕ್ಕೆ ಒಂದು ಚಿಟಿಕೆ.”

“ಡಾಕ್ಟರಿಗೆ ಯಾಕೆ ಹೇಳಲಿಲ್ಲ?”

“ಅವರು ಕೇಳಿದ್ದು ಔಷಧಿ. ದೇವರ ಮನೆಯಲ್ಲಿರೋದು ಔಷಧಿ ಹೇಗಾಗುತ್ತೆ?”

ಮಾಮಿಯ ಕಿಟಕಿಯಿಂದ ಡಬ್ಬಿ ತೆಗೆದುಕೊಂಡು ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಕನ್ನಡಕ ಏರಿಸಿ ಓದಿದರು. “ಸಿಗಡಿ ಚಿಪ್ಪು, ಶಾರ್ಕ್ ಮೀನಿನ ಮೆತ್ತನೆ ಮೂಳೆ. ಕೆಳಗಿನ ಮಾಮಿಗೆ ಇದರಿಂದ ಏನೂ ಆಗದೆ ಇರಬಹುದು. ನಿಮ್ಮ ಮಾತ್ರೆಯ ಜೊತೆ ಸೇರಿದರೆ ಅದರ ಬಲ ಏರಬಹುದು. ಆಗಿದ್ದು ಅದೇ ಅನ್ನಿಸುತ್ತದೆ. ಚೀಟಿಯಿಲ್ಲದೆ ಸಿಗುತ್ತದೆ ಅಂದರೆ ನನಗೆ ಹೇಳದೆ ತಿನ್ನಿ ಅಂತಲ್ಲಮ್ಮಾ. ಇನ್ನು ಮೇಲೆ ಒಳಗೆ ಏನೇನಿದೆ ಅಂತ ತಿಳಿಯದೆ ಏನನ್ನೂ ಬಾಯಿಗೆ ಹಾಕಬೇಡಿ.”

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಅವರ ಕೈ ಹಿಡಿದುಕೊಂಡೆ, ಗುರುತಾಗದ ಹಾಗೆ ಮೆತ್ತಗೆ. ಕೊನೆಗೆ ಮಗನ ಕಡೆ ತಿರುಗಿದರು. “ಬೀದಿ ಬೆಕ್ಕಿಗೆ ಗೊತ್ತಾಯ್ತು. ಎಂ.ಎಸ್ಸಿ. ಓದಿ ದಿನಾ ಎಣ್ಣೆ ಮೂಸೋನು, ನಿನಗೆ ವಾಸನೆ ಬರಲಿಲ್ವಾ?”

“ಬಂತಮ್ಮ” ಎಂದರು ಯಜಮಾನರು ತಲೆ ತಗ್ಗಿಸಿ. “ಮಣಲಿ ಗಾಳಿ ಅಂದುಕೊಂಡೆ.”

೬. ಶುದ್ಧಿ

ಪುಡಿ ನಿಂತಿತು, ಡಾಕ್ಟರು ಹೇಳಿದ ಮೇಲೆ ಮಾತ್ರೆ ಮತ್ತೆ ಶುರುವಾಯಿತು. ನೀಲಿ ಬೆರಳುಗಳು ಹಳದಿಯಾಗಿ ಮಾಸಿದವು, ರಂಗೋಲಿ ಮತ್ತೆ ಬಿಳಿಯಾಯಿತು. ಬೆಕ್ಕು ಖಾಲಿ ಭರಣಿಯನ್ನು ಮೂಸಿ, ನಮ್ಮೆಲ್ಲರನ್ನೂ ಒಮ್ಮೆ ತಿರಸ್ಕಾರದಿಂದ ನೋಡಿ, ಮತ್ತೆ ಬರಲಿಲ್ಲ. ಆದರೂ ಅತ್ತೆಗೆ ರಕ್ತಕ್ಕಿಂತ ಸಿಗಡಿಯದೇ ಚಿಂತೆ. ಪುರೋಹಿತರನ್ನು ಕರೆಸಿ ಶುದ್ಧಿ ಮಾಡಿಸಿಕೊಂಡರು. ಮಾಮಿಯೂ ಬಂದು ಪಕ್ಕದಲ್ಲೇ ಕುಳಿತರು.

ಮುಂದಿನ ಪರೀಕ್ಷೆಯಲ್ಲಿ ರಕ್ತ ಸರಿಯಾಗಿತ್ತು. ನನಗೆ ಹೋದ ಜೀವ ಬಂದ ಹಾಗಾಯಿತು. ಡಾಕ್ಟರು ನಕ್ಕು, ಪೆನ್ನು ಹಿಡಿದು ಕೇಳಿದರು: “ಈ ಸಲ ಬಚ್ಚಿಡಬಾರದು. ಬೇರೆ ಏನಾದರೂ ತಗೊಂಡಿರಾ?”

“ತಗೊಂಡೆ. ಪಂಚಗವ್ಯ.”

“ಅದರಲ್ಲಿ ಏನೇನಿರುತ್ತೆ?”

“ಹಾಲು” ಎಂದರು ಅತ್ತೆ. ಡಾಕ್ಟರು ಬರೆದುಕೊಂಡರು. “ಮೊಸರು. ತುಪ್ಪ.” ಬರೆದುಕೊಂಡರು. “ಗೋಮೂತ್ರ.” ಪೆನ್ನು ನಿಂತಿತು. “ಸಗಣಿ.”

ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

ಅತ್ತೆ ಮಾತ್ರ ಧೈರ್ಯವಾಗಿ ಹೇಳಿದರು: “ಹೆದರಬೇಡಿ ಡಾಕ್ಟ್ರೇ. ನೀವು ಹೇಳಿದ ಹಾಗೇ ಮಾಡಿದೀನಿ. ಇದರೊಳಗೆ ಏನೇನಿದೆ ಅಂತ ನನಗೆ ಪೂರ್ತಿ ಗೊತ್ತು!”